ಬಾಡಿಗೆ ಮನೆಯ ಕಿಟಕಿಯಲ್ಲಿ ಅತ್ತೆ

ಮನೆಯ ಬಾಗಿಲು ತೆಗೆಯುವ ಮೊದಲು ಮನೆಯೊಡತಿ ಓರ್ಸಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಎಷ್ಟು ಜನ ಇರುತ್ತೀರಿ, ನೆಂಟರು ಬರುತ್ತಾರಾ, ಅಡುಗೆಯಲ್ಲಿ ಏನೇನು ಹಾಕುತ್ತೀರಿ, ಯಾವ ಜನ ಎಂದು ನಮ್ಮ ಕಡೆ ಮನೆ ಮಾಲೀಕರು ಕೇಳುವ ಯಾವುದನ್ನೂ ಅವಳು ಕೇಳಲಿಲ್ಲ. ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಏನೋ ಅಂದಳು. ನನ್ನನ್ನು ಕೆಲಸಕ್ಕೆ ಕರೆಸಿದ್ದ ಕಂಪನಿಯವರು ಕೊಟ್ಟಿದ್ದ ಫೋನು ಅದನ್ನು ಅಪ್ಪಟ ಪಠ್ಯಪುಸ್ತಕದ ಕನ್ನಡದಲ್ಲಿ ನನಗೆ ಹೇಳಿತು: "ಮಾನ್ಯ ಅಪರಿಚಿತರೇ, ತಮ್ಮ ಊರಿನ ತಮ್ಮ ಮನೆಯ ಕಿಟಕಿಯಿಂದ ಏನು ಕಾಣುತ್ತದೆ?"

ನಾನು ಯೋಚನೆ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ರಾಣೆಬೆನ್ನೂರಿನಲ್ಲಿ ನಮ್ಮದು ಸಣ್ಣ ಓಣಿ. ಎದುರಿಗೆ ಒಂದು ಟೇಲರ್ ಅಂಗಡಿ, ಪಕ್ಕದಲ್ಲಿ ನಗರಸಭೆಯ ನಲ್ಲಿ, ಮುಂದೆ ಯಾರೋ ಮನೆ ಕಟ್ಟಿಸಲು ಸುರಿದು ಹಾಗೇ ಬಿಟ್ಟ ಉಸುಕಿನ ಗುಡ್ಡೆ, ಆಚೆ ಒಂದು ಬೇವಿನ ಮರ. ಅಷ್ಟೇ. ಓರ್ಸಾಳ ಮುಖ ಬಾಡಿತು. ಹಿಂದೆ ಇದ್ದವನು ಸಮುದ್ರ ತಂದಿದ್ದನಂತೆ. ಅವನಿಗಿಂತ ಮುಂಚಿನ ಹೆಂಗಸು ಹಿಮದ ಬೆಟ್ಟ ತಂದಿದ್ದಳಂತೆ. ಉಸುಕಿನ ಗುಡ್ಡೆ ತಂದವರು ಯಾರೂ ಇರಲಿಲ್ಲ ಎಂದು ಕಾಣುತ್ತದೆ. ಆದರೂ ಮನೆ ಖಾಲಿ ಬಿದ್ದು ಬಹಳ ದಿನವಾಗಿತ್ತು, ನನಗೂ ಕಂಪನಿಯವರು ಮೂರೇ ತಿಂಗಳ ಕರಾರು ಮಾಡಿದ್ದರು. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ.

ನಾನು ಆ ಊರಿಗೆ ಹೋದದ್ದು ಹೂವಿನ ಕೆಲಸಕ್ಕೆ. ನಮ್ಮೂರಿನ ಸುತ್ತ ಬೀಜದ ಕಂಪನಿಗಳಿವೆ. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಮುಟ್ಟಿಸುವ ಕೆಲಸಕ್ಕೆ ನಮ್ಮಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಟೊಮೆಟೊ, ಮೆಣಸಿನಕಾಯಿ, ಬದನೆ, ಯಾವುದೇ ಇರಲಿ, ನನ್ನ ಕೈ ಕೂಡ್ರುತ್ತದೆ. ಆ ಊರಿನವರು ದೊಡ್ಡ ಗಾಜಿನ ಮನೆ ಕಟ್ಟಿಕೊಂಡು ಕೂತಿದ್ದರು, ಕೈ ಕಲಿಸುವವರು ಬೇಕಾಗಿತ್ತು. ಮಧ್ಯಾಹ್ನದ ಮೇಲೆ ಕೆಲಸ, ಬೆಳಗೆಲ್ಲ ಬಿಡುವು. ಪಾಸ್‌ಪೋರ್ಟ್ ಕೈಗೆ ಬಂದ ದಿನ ನನ್ನ ಅತ್ತೆ ನೀಲಗಂಗವ್ವ, "ಹೋಗಿ ಬಾ, ಮೂರ ತಿಂಗಳ ನನಗೂ ಆರಾಮ" ಅಂದಿದ್ದಳು.

ಓರ್ಸಾ ಬಾಗಿಲು ತೆಗೆದಳು. ಒಂದು ಕೋಣೆ, ಮೂಲೆಯಲ್ಲಿ ಒಲೆ, ಒಂದು ಮಂಚ, ಗೋಡೆಯ ತುಂಬ ಒಂದು ದೊಡ್ಡ ಕಿಟಕಿ. ಅದರಾಚೆ ಬರೀ ಬೂದು ಬಣ್ಣದ ಮಂಜು. ನಾನು ಚೀಲ ಕೆಳಗಿಟ್ಟು ಚಪ್ಪಲಿ ಬಿಟ್ಟೆ, ಮಂಚದ ಮೇಲೆ ಕೂತೆ. ಮಂಜು ಒಡೆಯಿತು, ನಮ್ಮ ಓಣಿ ಬಂದು ನಿಂತಿತು.

ನಾನು ಕೂಗಿದ್ದು ಕೆಳಗಿನ ಬೀದಿಗೂ ಕೇಳಿಸಿರಬೇಕು. ಟೇಲರ್ ಅಂಗಡಿಯ ಹಸಿರು ಬಾಗಿಲು, ನಲ್ಲಿಯ ಬಾಯಿಗೆ ಕಟ್ಟಿದ ಹರಕು ಅರಿವೆ, ಉಸುಕಿನ ಮೇಲೆ ಮಲಗಿದ ಕಂದು ನಾಯಿ. ಇಲ್ಲಿ ಬಿಸಿಲೇರಿದ್ದರೆ ಅಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ನೋಡನೋಡುತ್ತಲೇ ನಮ್ಮ ಮನೆಯ ಬಾಗಿಲಿನಿಂದ ಅತ್ತೆ ಕೊಡ ಹಿಡಿದು ಹೊರಗೆ ಬಂದಳು. ನಾನು "ಅತ್ತೀ" ಎಂದು ಗಾಜು ಬಡಿದೆ. ಅವಳು ನಲ್ಲಿ ತಿರುಗಿಸಿ, ನೀರು ಬಾರದ್ದಕ್ಕೆ ಯಾರನ್ನೋ ಬೈದು, ಒಳಗೆ ಹೋದಳು. ಬೈಗುಳ ಕೇಳಿಸಲಿಲ್ಲ, ಆದರೆ ಆ ತುಟಿಗಳನ್ನು ಮದುವೆಯಾದಂದಿನಿಂದ ಓದುತ್ತಾ ಬಂದವಳು ನಾನು. ತಿರುಗಿ ನೋಡಿದರೆ ಓರ್ಸಾಳ ಕಣ್ಣು ಅರಳಿದ್ದವು. ಅವಳು ಕೆಳಗೆ ಓಡಿ, ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಏನೋ ಬರೆದಳು. ಫೋನು ಹಿಡಿದು ನೋಡಿದೆ. "ಇಲ್ಲಿ ಈಗ: ಒಂದು ಓಣಿ."

ಅಂಥ ಹಲಗೆ ಆ ಬೀದಿಯ ತುಂಬ ಇದ್ದವು. ಆಚೆ ಮನೆಯಲ್ಲಿ "ಇಲ್ಲಿ ಈಗ: ಒಂಟೆ" ಎಂದಿತ್ತು. ಊರಿನವರ ಕಿಟಕಿಗಳಲ್ಲಿ ಊರಿನ ಬೀದಿಯೇ ಕಾಣುತ್ತಿತ್ತು, ಅದಕ್ಕೇ ಅವರಿಗೆ ಹೊರಗಿನವರೆಂದರೆ ಅಷ್ಟು ಆಸೆ. ಮರುದಿನ ಬೆಳಿಗ್ಗೆಯಿಂದಲೇ ನಮ್ಮ ಕಟ್ಟಡದ ಜನ ತಮ್ಮ ತಮ್ಮ ಮಣೆ ಹಿಡಿದುಕೊಂಡು ನನ್ನ ಕೋಣೆಗೆ ಬರತೊಡಗಿದರು. ಬರುವುದು, ಕಿಟಕಿಯ ಮುಂದೆ ಸಾಲಾಗಿ ಕೂರುವುದು, ಕುಂಬಳದ ಬೀಜ ಸಿಪ್ಪೆ ಬಿಡಿಸಿ ತಿನ್ನುವುದು, ಸಿಪ್ಪೆಯನ್ನು ಬಟ್ಟಲಲ್ಲೇ ಹಾಕಿಕೊಂಡು ಎದ್ದು ಹೋಗುವುದು. ನನ್ನ ಕಡೆ ನೋಡುತ್ತಿರಲಿಲ್ಲ. ನಾನು ನಕ್ಕರೆ ಅವರು ಚಾವಣಿ ನೋಡುತ್ತಿದ್ದರು. ಒಂದು ದಿನ ಚಹಾ ಮಾಡಿ ಎಲ್ಲರಿಗೂ ಕೊಟ್ಟೆ, ಯಾರೂ ಮುಟ್ಟಲಿಲ್ಲ. ಎಂಥ ಒಣ ಜನವಪ್ಪ ಎಂದು ಅಷ್ಟೂ ಚಹಾ ನಾನೇ ಕುಡಿದೆ.

ಅದರ ಕಾರಣ ಓರ್ಸಾ ಹೇಳಿದಳು. ಹೊರಗಿನವರು ಊರಿಗೆ ಒಗ್ಗಿಕೊಂಡ ಹಾಗೆಲ್ಲ ಅವರ ಕಿಟಕಿ ಮಬ್ಬಾಗಿ, ಕೊನೆಗೆ ಊರಿನ ಬೀದಿಯೇ ಅದರಲ್ಲಿ ಕಾಣತೊಡಗುತ್ತದೆ. ಹಾಗಾದವರು ಮನೆ ಬಿಟ್ಟು ಹಿಂದಿನ ಬೀದಿಯ ಸಾಧಾರಣ ಕಿಟಕಿಯ ಮನೆಗಳಿಗೆ ಹೋಗಬೇಕು. ಅದಕ್ಕೇ ಹೊಸಬರ ಹೆಸರು ಕೇಳಬಾರದು, ಊಟಕ್ಕೆ ಕರೆಯಬಾರದು, ಭಾಷೆ ಕಲಿಸಬಾರದು. ಸಮುದ್ರ ತಂದವನಿಗೆ ಕೆಳಗಿನ ಮನೆಯ ತೆವ್ರಿನ್ ಎಂಬ ಮುದುಕ ಪಾಪ ಎನಿಸಿ ಒಂದು ಬಟ್ಟಲು ಗಜ್ಜರಿ ಸಾರು ಕೊಟ್ಟಿದ್ದನಂತೆ. ವಾರದೊಳಗೆ ಸಮುದ್ರ ಹೋಗಿ ಎದುರಿನ ಬೇಕರಿ ಬಂತಂತೆ. ಅಂದಿನಿಂದ ಕಟ್ಟಡದವರು ತೆವ್ರಿನ್‌ನನ್ನು ಕ್ಷಮಿಸಿರಲಿಲ್ಲ. ಅವನು ಮೊದಲು ಟ್ರಾಮ್ ಓಡಿಸುತ್ತಿದ್ದವನು, ಈಗ ನಿವೃತ್ತ. ನನ್ನ ಕೋಣೆಗೆ ಬಂದಾಗಲೆಲ್ಲ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಕೂರುತ್ತಿದ್ದ.

ಇಲ್ಲಿ ನನ್ನ ಅತ್ತೆಯ ಬಗ್ಗೆ ಹೇಳಬೇಕು. ನನ್ನ ಗಂಡ ಮಹಾಂತೇಶ ಕಾಮಾಲೆಯಾಗಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ತವರಿಗೆ ಹೋಗು ಎಂದು ಅವಳು ಹೇಳಲಿಲ್ಲ, ಹೋಗುತ್ತೇನೆ ಎಂದು ನಾನೂ ಹೇಳಲಿಲ್ಲ. ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಅನ್ನುತ್ತಾರೆ. ನಾವು ಒಂದೇ ಗೂಡಿನಲ್ಲಿ ಸಂಸಾರ ಹೂಡಿದ ಹಾವು ಮುಂಗುಸಿ. ಬೆಳಿಗ್ಗೆ ರೊಟ್ಟಿ ದಪ್ಪವಾಯಿತು ಎಂದು ಶುರುವಾದದ್ದು ರಾತ್ರಿ ಹಾಸಿಗೆ ಹಾಸುವವರೆಗೆ ನಡೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಜಗಳ ನನ್ನ ಸ್ಕೂಟಿಯದು. ಕೆಲಸಕ್ಕೆ ಹೋಗಿ ಬರಲು ಅದನ್ನು ಕೊಂಡ ದಿನ ಅತ್ತೆ ಅದಕ್ಕೆ ನಿಂಬೆಹಣ್ಣು ಕಟ್ಟಿದಳು, ಪೂಜೆ ಮಾಡಿದಳು, ಆದರೆ ಹತ್ತಲಿಲ್ಲ. ಒಮ್ಮೆ ಬಲವಂತ ಮಾಡಿ ಹಿಂದೆ ಕೂರಿಸಿಕೊಂಡರೆ ಬೇವಿನ ಮರ ದಾಟುವುದರೊಳಗೆ ನನ್ನ ರವಿಕೆ ಹರಿಯುವ ಹಾಗೆ ಹಿಡಿದು, ಇರುವ ದೇವರನ್ನೆಲ್ಲ ಕರೆದು, ಇಳಿದುಬಿಟ್ಟಳು. ಆಮೇಲೆ ದವಾಖಾನೆಗೆ ಹೋಗಲಿ, ಸಂತೆಗೆ ಹೋಗಲಿ, ನಾನು ಗಾಡಿಯ ಮೇಲೆ, ಅವಳು ನಡೆದು. ನಡೆಯಲಿಕ್ಕೆಂದೇ ದೇವರು ಕಾಲು ಕೊಟ್ಟಿದ್ದಾನೆ ಎನ್ನುವುದು ಅವಳ ವಾದ. ಊರು ಬಿಡುವಾಗ ನಾನು ಸ್ಕೂಟಿಗೆ ನೀಲಿ ತಾಡಪಾಲು ಹೊದಿಸಿ, ಹಗ್ಗ ಬಿಗಿದು ಬಂದಿದ್ದೆ.

ಒಂದು ಬೆಳಿಗ್ಗೆ ನೋಡುತ್ತೇನೆ, ತಾಡಪಾಲು ಮಡಚಿ ಕಟ್ಟೆಯ ಮೇಲಿದೆ. ಸ್ಕೂಟಿ ಓಣಿಯ ನಡುವೆ ನಿಂತಿದೆ. ಪಕ್ಕದಲ್ಲಿ ಹಸೀನಾಬಿ. ಹಸೀನಾಬಿ ನಮ್ಮ ಓಣಿಗೆ ಹಾಲು ಹಾಕುವವಳು, ಎರಡು ಕಡೆ ಕ್ಯಾನು ಕಟ್ಟಿಕೊಂಡು ಸ್ಕೂಟರಿನಲ್ಲಿ ಊರೆಲ್ಲ ತಿರುಗುವ ಗಟ್ಟಿ ಹೆಂಗಸು. ನನ್ನ ಗಾಡಿಯನ್ನು ಇವಳೇಕೆ ತೆಗೆದಳು ಎಂದುಕೊಳ್ಳುವಷ್ಟರಲ್ಲಿ ಅತ್ತೆ ಹೊರಗೆ ಬಂದಳು. ಸೀರೆಯ ನೆರಿಗೆಯನ್ನು ಕಚ್ಚೆ ಹಾಕಿ ಸಿಕ್ಕಿಸಿದ್ದಳು. ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸ್ಕೂಟಿಗೆ ಕೈ ಮುಗಿದು, ಹತ್ತಿ ಕೂತಳು. ಹಿಂದೆ ಅಲ್ಲ, ಮುಂದೆ.

ನಾನು ಮಂಚದ ಮೇಲೆ ಎದ್ದು ನಿಂತೆ. ಮಣೆಯ ಮೇಲಿದ್ದವರಿಗೆ ಏನೂ ಅರ್ಥವಾಗಲಿಲ್ಲ. ಫೋನಿಗೆ ಬಾಯಿ ಹಚ್ಚಿ, ಅವಳು ನನ್ನ ಅತ್ತೆ, ಅವಳಿಗೆ ಅರವತ್ತು ದಾಟಿದೆ, ಅವಳು ಈ ಗಾಡಿಗೆ ಹೆದರುವಷ್ಟು ಯಮನಿಗೂ ಹೆದರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಫೋನು ಅದನ್ನು ಅವರ ಭಾಷೆಯಲ್ಲಿ ಹೇಳಿ ಮುಗಿಸುವುದಕ್ಕೂ ಅತ್ತೆ ಸ್ಕೂಟಿಯನ್ನು ಸೀದಾ ಉಸುಕಿನ ಗುಡ್ಡೆಗೆ ಒಯ್ದು ಹೊಡೆಯುವುದಕ್ಕೂ ಸರಿಹೋಯಿತು. ನಾಯಿ ಹಾರಿ ಓಡಿತು. ಅತ್ತೆ ಉಸುಕಿನಲ್ಲಿ ಕೂತಿದ್ದಳು. ಅತ್ತೆ ಎದ್ದಳು, ಹಿಂಭಾಗ ಕೊಡವಿಕೊಂಡಳು, ಗುಡ್ಡೆಯನ್ನೇ ಬೈದಳು, ಮತ್ತೆ ಗಾಡಿ ಹತ್ತಿದಳು. ಆಗ ತೆವ್ರಿನ್ ಜೇಬಿನಿಂದ ಕೈ ತೆಗೆದು ಚಪ್ಪಾಳೆ ಹೊಡೆದುಬಿಟ್ಟ.

ಅಂದೇ ಓರ್ಸಾ ಹಲಗೆಯ ಮೇಲಿನ "ಒಂದು ಓಣಿ" ಅಳಿಸಿ "ಅತ್ತೆ" ಎಂದು ಬರೆದಳು. ಒಂಟೆ ನೋಡುತ್ತಿದ್ದವರೆಲ್ಲ ಇತ್ತ ಬಂದರು. ಕೋಣೆಯಲ್ಲಿ ಜಾಗ ಸಾಲದೆ ಕೆಲವರು ಮೆಟ್ಟಿಲ ಮೇಲೆ ನಿಂತು, ಒಳಗಿನವರು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಿದ್ದರು. ತೆವ್ರಿನ್ ಮುಂದಿನ ಸಾಲಿನಲ್ಲಿ ಕೂತು ಅತ್ತೆಗೆ ಪಾಠ ಹೇಳುವುದಕ್ಕೇ ಶುರು ಮಾಡಿದ. ಅತ್ತೆಗೆ ಒಂದು ಕೆಟ್ಟ ಅಭ್ಯಾಸವಿತ್ತು: ಹೆದರಿದ ಕೂಡಲೇ ಬಲಗೈ ಬ್ರೇಕನ್ನು ಗಕ್ಕನೆ ಹಿಡಿಯುತ್ತಿದ್ದಳು. ಮುಂದಿನ ಗಾಲಿ ನಿಂತು, ಗಾಡಿ ವಾಲಿ, ಅತ್ತೆ ನೆಲಕ್ಕೆ. ಹಿಂದಿನ ಗಾಲಿಯ ಬ್ರೇಕು ಇರುವುದು ಎಡಗೈಯಲ್ಲಿ, ಪ್ರತಿ ಸಲವೂ ತೆವ್ರಿನ್ ತನ್ನ ಎಡಗೈ ಎತ್ತಿ ಏನೋ ಕೂಗುತ್ತಿದ್ದ. ಎಡಗೈ ಎನ್ನುವುದಕ್ಕೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ನಾನು ಕಲಿತದ್ದು ಹಾಗೆ.

ನಾನು ಅತ್ತೆಗೆ ಫೋನು ಮಾಡಿದಾಗ ಈ ಸುದ್ದಿಯ ಒಂದಕ್ಷರವೂ ಇರುತ್ತಿರಲಿಲ್ಲ. ಮೆಣಸಿನಕಾಯಿ ಒಣಗಿತು, ಗ್ಯಾಸ್ ಬಂತು, ಟೇಲರನ ಹೆಂಡತಿಗೆ ನೆಗಡಿ. ಸ್ಕೂಟಿ ಹೇಗಿದೆ ಎಂದು ನಾನೇ ಕೇಳಿದರೆ, "ಅದಕ್ಕೇನ ಜ್ವರ ಬರ್ತೈತೇನು? ನಿಂತಲ್ಲೇ ನಿಂತೈತಿ" ಅನ್ನುತ್ತಿದ್ದಳು. ಅವಳ ಮೊಣಕೈಗೆ ಹಚ್ಚಿದ ಅರಿಸಿನ ನನಗೆ ಕಿಟಕಿಯಲ್ಲಿ ಕಾಣುತ್ತಿತ್ತು. ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಆ ನಗು ಕಂಪನಿಯವರು ಕರೆದ ದಿನ ನಿಂತಿತು. ಗಾಜಿನ ಮನೆಯಲ್ಲಿ ಕಾಯಿ ಚೆನ್ನಾಗಿ ಕಟ್ಟಿದ್ದವು. ಇನ್ನೂ ಎರಡು ವರ್ಷ ಇರಿ, ಕರಾರು ಮುಗಿಯುವ ದಿನದೊಳಗೆ ಉತ್ತರ ಹೇಳಿ ಅಂದರು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಕೈಯನ್ನು ಯಾರೂ ಅಷ್ಟು ಹೊಗಳಿರಲಿಲ್ಲ. ಆದರೆ ಅತ್ತೆ ಬೇಡವೆನ್ನುತ್ತಾಳೆ, ಆಗ ನಾನೂ ಹೂಂ ಎಂದು ಊರಿಗೆ ಹೊರಡಬಹುದು ಎಂದು ಒಳಗೊಳಗೇ ನಂಬಿಕೊಂಡು ಅವಳಿಗೆ ಫೋನು ಮಾಡಿದೆ.

"ಇರು ಹಂಗಾರ," ಅಂದಳು ಅತ್ತೆ. ಒಂದು ಗಳಿಗೆಯೂ ತಡೆಯಲಿಲ್ಲ.

"ನಿಮಗ ಒಬ್ಬರಿಗೇ ಆಗೂದಿಲ್ಲೇನ್ರಿ?"

"ನನಗೇನಾಗೈತಿ? ನೀ ಬಂದು ನನ್ನ ಹೊತಗೊಂಡು ತಿರಗಬೇಕಾಗಿಲ್ಲ. ಎಲ್ಲಾ ನಾ ನೋಡ್ಕೋತೀನಿ."

ಫೋನಿಟ್ಟ ಮೇಲೆ ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಅಂದುಕೊಂಡೆ. ಅವಳು ಗಾಡಿ ಕಲಿಯುತ್ತಿರುವುದು ನಾನಿಲ್ಲದೆ ಬದುಕಲು. ಸಂತೆ, ದವಾಖಾನೆ, ಬ್ಯಾಂಕು, ಇನ್ನು ಯಾವುದಕ್ಕೂ ಅವಳಿಗೆ ಸೊಸೆ ಬೇಡ. ಮಗನೇ ಇಲ್ಲದ ಮೇಲೆ ಸೊಸೆ ಯಾವ ಲೆಕ್ಕ ಎಂದು ಓಣಿಯವರು ಹಿಂದೆ ಆಡಿದ್ದ ಮಾತು ನೆನಪಿಗೆ ಬಂದು ಅತ್ತುಬಿಟ್ಟೆ. ಆದರೆ ಅದು ನಿಜವೇ, ಅಲ್ಲವೇ ಎನ್ನುವುದನ್ನು ಹೇಳಬಲ್ಲದ್ದು ಆ ಕಿಟಕಿಯೊಂದೇ. ಗಾಡಿ ಕಲಿತ ಮೇಲೆ ಅವಳು ಮೊದಲು ಏನು ಮಾಡುತ್ತಾಳೆ ಎಂಬುದನ್ನು ನಾನು ನೋಡಬೇಕಾಗಿತ್ತು. ಓರ್ಸಾಳಿಗೆ ಇದನ್ನೆಲ್ಲ ಹೇಳಿದೆ. ಅವಳು ಹೋಗಿ ಕಟ್ಟಡಕ್ಕೆಲ್ಲ ಹೇಳಿದಳು.

ಮರುದಿನ ಬೆಳಿಗ್ಗೆ ನಮ್ಮ ಓಣಿಯ ನಟ್ಟನಡುವೆ ಒಂದು ಕಬ್ಬಿಣದ ದೀಪದ ಕಂಬ ನಿಂತಿತ್ತು. ಅದು ಓರ್ಸಾಳ ಬೀದಿಯ ಕಂಬ.

ಕೋಣೆಯಲ್ಲಿ ಎಲ್ಲರೂ ತೆವ್ರಿನ್‌ನತ್ತ ತಿರುಗಿದರು. ಅವನು ಎರಡೂ ಕೈ ಮೇಲೆತ್ತಿ, ತಾನು ಸಾರು ಕೊಟ್ಟಿಲ್ಲ ಎಂದ. ತಪ್ಪು ನನ್ನದೇ. ದಿನಾ ಹತ್ತಾರು ಜನರ ಜೊತೆ ಕೂಗಿ, ನಕ್ಕು, ಹೆದರಿ, ನಾನು ಆ ಊರಿಗೆ ಒಗ್ಗುತ್ತಿದ್ದೆ. ಫೋನು ಇಲ್ಲದೆಯೇ ಅವರ ಮಾತು ಅರ್ಧಕ್ಕರ್ಧ ತಿಳಿಯುತ್ತಿತ್ತು. ಬೇಕರಿಯವಳು ನನ್ನನ್ನು ಕಂಡ ಕೂಡಲೇ ನಾನು ತಿನ್ನುವ ಎಳ್ಳಿನ ರೊಟ್ಟಿಯನ್ನೇ ಕಟ್ಟುತ್ತಿದ್ದಳು. ಹೀಗೇ ಬಿಟ್ಟರೆ ಅತ್ತೆ ಕಲಿಯುವ ಮುಂಚೆ ಕಿಟಕಿ ಹೋಗುತ್ತದೆ ಎಂದು ಓರ್ಸಾ ಸಭೆ ಕರೆದಳು. ನನ್ನನ್ನು ಮತ್ತೆ ಹೊಸಬಳನ್ನಾಗಿ ಮಾಡಬೇಕೆಂದು ತೀರ್ಮಾನವಾಯಿತು.

ಅಂದಿನಿಂದ ನನ್ನ ಪಾಡು ಕೇಳಬೇಡಿ. ಬೆಳಿಗ್ಗೆ ಎದ್ದರೆ ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ. ಮಂಚ ಈ ಗೋಡೆಯಿಂದ ಆ ಗೋಡೆಗೆ. ಬೇಕರಿಯವಳು ನನ್ನನ್ನು ಕಂಡರೆ ಯಾರು ನೀವು ಎನ್ನುವ ಹಾಗೆ ಹುಬ್ಬೇರಿಸಿ, ಬೇಡದ ಖಾರದ ಬನ್ನು ಕೈಗೆ ತುರುಕುವಳು. ಓರ್ಸಾ ಮೆಟ್ಟಿಲ ಮೇಲೆ ಎದುರಾದರೆ ಮುಖ ಊದಿಸಿಕೊಂಡು "ಮಾನ್ಯ ಅಪರಿಚಿತರೇ" ಎಂದು ಫೋನಿನ ಕೈಲಿ ಹೇಳಿಸಿ, ಮುಂದೆ ಹೋಗಿ ಗೋಡೆಯ ಮರೆಯಲ್ಲಿ ನಿಂತು ನಗುತ್ತಿದ್ದಳು. ತೆವ್ರಿನ್ ಅಂತೂ ನನ್ನನ್ನು ಬೈಯಲು ಪ್ರಯತ್ನಪಟ್ಟ. ಕೆಟ್ಟ ಬೈಗುಳ ಯಾವುದೂ ಬಾರದೆ, ಟ್ರಾಮಿನಲ್ಲಿ ಟಿಕೇಟಿಲ್ಲದವರಿಗೆ ಹೇಳುತ್ತಿದ್ದ ಮಾತನ್ನು ನನಗೆ ಹೇಳಿ, ಆಮೇಲೆ ಒಂದು ಗಂಟೆ ಪೇಚಾಡಿದ. ಇವರೆಲ್ಲ ನನಗಾಗಿ ಇಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು ನೆನೆದರೆ ಎದೆ ತುಂಬಿ ಬರುತ್ತಿತ್ತು. ಬಂದ ಹಾಗೆಲ್ಲ ಕಿಟಕಿಯಲ್ಲಿ ಒಂದೊಂದೇ ಹೋಗುತ್ತಿತ್ತು. ಉಸುಕಿನ ಗುಡ್ಡೆಯ ಮೇಲೆ ಅವರ ಹೂದೊಟ್ಟಿ ಬಂತು. ಟೇಲರ್ ಅಂಗಡಿ ಇದ್ದಲ್ಲಿ ಬೇಕರಿ ಬಂತು. ನಮ್ಮ ನಲ್ಲಿ ಅಲ್ಲೇ ಇತ್ತು, ಆದರೆ ಅದರ ಪಕ್ಕದಲ್ಲಿ ಅವರ ಅಂಚೆಪೆಟ್ಟಿಗೆ.

ಅತ್ತೆ ಮಾತ್ರ ದಿನದಿಂದ ದಿನಕ್ಕೆ ಚುರುಕಾಗುತ್ತಿದ್ದಳು. ಹಸೀನಾಬಿ ಈಗ ಹಿಂದಿನಿಂದ ಹಿಡಿಯುತ್ತಿರಲಿಲ್ಲ, ಪಕ್ಕದಲ್ಲಿ ಓಡುತ್ತಿದ್ದಳು. ಆಮೇಲೆ ಓಡುವುದನ್ನೂ ಬಿಟ್ಟು ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದಳು. ಅತ್ತೆ ನಮ್ಮ ಬಾಗಿಲಿನಿಂದ ಬೇವಿನ ಮರದವರೆಗೆ ಹೋಗಿ, ಕಾಲೂರಿ ಗಾಡಿ ತಿರುಗಿಸಿ, ವಾಪಸ್ಸು ಬರುತ್ತಿದ್ದಳು. ಮರದಾಚೆ ಹೋಗುತ್ತಿರಲಿಲ್ಲ. ಮರದಾಚೆ ದೊಡ್ಡ ರಸ್ತೆ, ಲಾರಿ ಬಸ್ಸು. ಅಲ್ಲಿಗೆ ಬಂದ ಕೂಡಲೇ ಅವಳ ಬಲಗೈ ಗಕ್ಕನೆ ಬಿಗಿಯುತ್ತಿತ್ತು. ಕರಾರು ಮುಗಿಯುವ ವಾರ ಬಂತು. ಕಿಟಕಿಯಲ್ಲಿ ಉಳಿದದ್ದು ಎಡ ಮೂಲೆಯಲ್ಲಿ ಅಂಗೈ ಅಗಲದ ಜಾಗ: ನಮ್ಮ ಬಾಗಿಲು, ಅರ್ಧ ಓಣಿ, ಬೇವಿನ ಮರ.

ಆ ಬೆಳಿಗ್ಗೆ ಅತ್ತೆ ದಿನದ ಸೀರೆ ಉಟ್ಟಿರಲಿಲ್ಲ. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು, ವಿಭೂತಿ ಹಚ್ಚಿದ್ದಳು, ತಲೆಗೆ ನನ್ನ ಕೆಂಪು ಹೆಲ್ಮೆಟ್. ಹಸೀನಾಬಿ ಇರಲಿಲ್ಲ. ಅತ್ತೆ ಗಾಡಿ ಹತ್ತಿ, ಹೊರಡುವ ಮೊದಲು ತಲೆಯೆತ್ತಿ ನಮ್ಮ ಮನೆಯ ಕಿಟಕಿಯನ್ನೇ ನೋಡಿದಳು, ಒಳಗಿನಿಂದ ಯಾರಾದರೂ ನೋಡುತ್ತಿದ್ದಾರೇನೋ ಎಂಬಂತೆ. ಅಂದರೆ ಅವಳು ನಮ್ಮ ಮುಖಗಳನ್ನೇ ನೋಡಿದಳು. ಕೋಣೆಯಲ್ಲಿದ್ದ ಅಷ್ಟೂ ಜನ, ತೆವ್ರಿನ್ ಕೂಡ, ಮಣೆಯಿಂದ ಜಾರಿ ನೆಲಕ್ಕೆ ಬಗ್ಗಿದರು. ನಾನೂ ಬಗ್ಗಿದೆ. ಮತ್ತೆ ತಲೆಯೆತ್ತುವಾಗ ಗಾಡಿ ಚಲಿಸಿತ್ತು.

ಅವಳು ಬಾಗಿಲು ದಾಟಿದಳು. ಒಂದು ಗಳಿಗೆ ಅಂಚೆಪೆಟ್ಟಿಗೆಯ ಹಿಂದೆ ಮರೆಯಾಗಿ ಮತ್ತೆ ಕಂಡಳು. ಬೇವಿನ ಮರದ ಹತ್ತಿರ ಬಂದಾಗ ಅವಳ ಬೆನ್ನು ಸೆಟೆಯಿತು. ತೆವ್ರಿನ್ ಎದ್ದು ನಿಂತು ಎಡಗೈ ಎತ್ತಿದ. ಓರ್ಸಾ ಎಡಗೈ ಎತ್ತಿದಳು. ಕೋಣೆಯಲ್ಲಿ, ಮೆಟ್ಟಿಲ ಮೇಲೆ, ಎಲ್ಲರ ಎಡಗೈಗಳು ಮೇಲಿದ್ದವು. ಗಾಡಿ ವಾಲಲಿಲ್ಲ. ಮೆಲ್ಲಗೆ ನಿಂತಿತು. ಅತ್ತೆ ಆ ಕಡೆ ಈ ಕಡೆ ನೋಡಿದಳು, ಮತ್ತೆ ಹೊರಟಳು, ಮರ ದಾಟಿ ದೊಡ್ಡ ರಸ್ತೆಗೆ ತಿರುಗಿ ಮಾಯವಾದಳು. ಕೋಣೆಯ ಜನ ಕಿರುಚಿದ ರಭಸಕ್ಕೆ ಕೆಳಗೆ ಬೇಕರಿಯವಳು ಬೀದಿಗೆ ಓಡಿ ಬಂದಳು. ಯಾರೋ ನನ್ನನ್ನು ತಬ್ಬಿಕೊಂಡರು, ನಾನು ಯಾರನ್ನೋ ತಬ್ಬಿಕೊಂಡೆ. ಎಲ್ಲಿಗೆ ಹೋದಳು, ತಿರುಗಿ ಬರುತ್ತಾಳಾ ಎಂದು ನಾನು ಕಿಟಕಿಯ ಕಡೆ ತಿರುಗಿದರೆ, ಅಲ್ಲಿ ಬೀದಿಗೆ ಬಂದು ನಿಂತಿದ್ದ ಬೇಕರಿಯವಳು ತಲೆಯೆತ್ತಿ ನಮ್ಮನ್ನು ನೋಡುತ್ತಿದ್ದಳು. ಮೂಲೆಯಲ್ಲಿ ಉಳಿದಿದ್ದ ಅಂಗೈ ಅಗಲದ ಓಣಿಯೂ ಹೋಗಿತ್ತು.

ನಾನು ಗಾಜು ಉಜ್ಜಿದೆ. ಅತ್ತೆ ಲಾರಿಗಳ ನಡುವೆ ಇದ್ದಳು, ನಾನಿಲ್ಲಿ ಬೇಕರಿ ನೋಡುತ್ತಿದ್ದೆ. ಅವಳ ಫೋನಿಗೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲು ಹೋಗಿ ಒಂದು ಕೈ ಬಿಟ್ಟರೆ ಎಂದು ಹೆದರಿಕೆಯಾಗಿ ಅದನ್ನೂ ನಿಲ್ಲಿಸಿದೆ. ಓರ್ಸಾ ಕೆಳಗೆ ಹೋಗಿ ಹಲಗೆ ಒರೆಸಿ ಬಂದಳು. ಬಂದವಳು ನನ್ನ ಎದುರು ಮಂಡಿಯೂರಿ ಕೂತು, ಫೋನು ಬಳಸದೆ, ನಿನ್ನ ಹೆಸರೇನು ಎಂದು ಕೇಳಿದಳು. ದಾಕ್ಷಾಯಣಿ, ಅತ್ತೆ ದಾಕ್ಷಿ ಅನ್ನುತ್ತಾಳೆ ಎಂದೆ. "ದಾಕ್ಷಿ," ಎಂದು ಅವಳು ಎರಡು ಸಲ ಹೇಳಿ ರೂಢಿ ಮಾಡಿಕೊಂಡಳು. "ದಾಕ್ಷಿ, ಇನ್ನು ನೀನು ನಮ್ಮವಳು. ಊಟ ಮಾಡು." ತೆವ್ರಿನ್ ಆಗಲೇ ಮೆಟ್ಟಿಲಿಳಿದು ಹೋಗಿದ್ದ. ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು ಬಂದ, ಗಜ್ಜರಿ ಸಾರು. ಎಷ್ಟು ದಿನದಿಂದ ಮಾಡಿ ಮಾಡಿ ತಾನೇ ಕುಡಿಯುತ್ತಿದ್ದನೋ ಏನೋ. ಅಷ್ಟು ಹಿತವಾದ ಸಾರನ್ನು ನಾನು ಕುಡಿದಿಲ್ಲ, ಅಷ್ಟು ಅಳುತ್ತಾ ಕುಡಿದದ್ದೂ ಇಲ್ಲ.

ಬಟ್ಟಲು ಮುಗಿದಿರಲಿಲ್ಲ, ಫೋನು ಬಂತು. ಅತ್ತೆ. ಅವಳ ಕಡೆಯಿಂದ ನನಗೆ ಫೋನು ಬಂದದ್ದು ಅದೇ ಮೊದಲು.

"ಏನ ಅಷ್ಟ ಸರ್ತಿ ಫೋನ್ ಹಚ್ಚಿದಿ? ಕೆಲಸದಾಗಿದ್ದೆ," ಅಂದಳು. ಹಿಂದೆ ಬಸ್ಸುಗಳ ಹಾರ್ನು, ಯಾರೋ ಹಾವೇರಿ ಹಾವೇರಿ ಎಂದು ಕೂಗುವುದು ಕೇಳುತ್ತಿತ್ತು. ಅವಳು ಸ್ವಲ್ಪ ಏದುಸಿರು ಬಿಡುತ್ತಿದ್ದಳು. "ನಿನ್ನ ಕರಾರು ಮುಗಿಯೂದು ಈ ವಾರ ಅಲ್ಲೇನು?"

"ಹೌದ್ರಿ ಅತ್ತಿ."

"ಇರ್ತಿಯೋ, ಬರ್ತಿಯೋ, ಅದು ನಿನಗ ಬಿಟ್ಟದ್ದು. ಇರು ಅಂತ ಅಂದೀನಿ. ಬಾ ಅನ್ನೂದಿಲ್ಲ. ಬಂದ್ರ ಮಾತ್ರ, ಬಸ್ ಸ್ಟ್ಯಾಂಡಿನಾಗ ಆಟೋ ಹಿಡಿಬ್ಯಾಡ."

"ಯಾಕ್ರಿ?"

"ಹಿಡಿಬ್ಯಾಡ ಅಂದ್ರ ಹಿಡಿಬ್ಯಾಡ. ಗೇಟಿನ ಹಂತೇಕ ಕಟ್ಟಿ ಐತಿ, ಅಲ್ಲೇ ಕುಂತಿರು. ಈಗ ನಾ ನೋಡ್ಕೊಂಡೀನಿ ಜಾಗಾ, ನೆರಳೂ ಐತಿ."

ಬರ್ತೀನ್ರಿ ಎಂದು ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಎರಡು ಸಲ ಹೇಳಿದೆ. ಕೋಣೆಯಲ್ಲಿ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಬಂದಷ್ಟು ಅವರ ಭಾಷೆಯಲ್ಲಿ ಹೇಳಿದೆ: ಅವಳು ಹೋದದ್ದು ಬಸ್ ನಿಲ್ದಾಣಕ್ಕೆ, ದಾರಿ ನೋಡಿಕೊಂಡು ಬರಲು, ನನ್ನನ್ನು ಕರೆದೊಯ್ಯಲು ಅವಳೇ ಬರುತ್ತಾಳೆ. ಮತ್ತೆ ಗದ್ದಲ ಎದ್ದಿತು. ಓರ್ಸಾ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ತೆವ್ರಿನ್ ಮಾತ್ರ ನಗಲಿಲ್ಲ. ಅವನು ನನ್ನ ಹತ್ತಿರ ಬಗ್ಗಿ, ಇಬ್ಬರು ಕೂತರೆ ಭಾರ ಹೆಚ್ಚು, ಬ್ರೇಕಿನ ವಿಷಯ ಈಗಲೇ ಹೇಳು ಎಂದು ಫೋನನ್ನು ಬೆರಳಿನಿಂದ ತಟ್ಟಿದ.

"ಅಲ್ಲಿ ಯಾರವರು, ಅಷ್ಟ ಗದ್ಲಾ?" ಎಂದಳು ಅತ್ತೆ.

"ನಮ್ಮ ಮಂದೀನ ರೀ ಅತ್ತಿ. ಇಲ್ಲೊಬ್ಬರು ಹಿರ್ಯಾರು ಹೇಳಾಕತ್ತಾರ, ಹಿಂದ ಮಂದಿ ಕುಂತಾಗ ಮೊದಲ ಎಡಗೈ ಬ್ರೇಕ್ ಹಿಡೀಬೇಕಂತ."

ಹಾವೇರಿ ಬಸ್ಸು ಹೊರಟ ಸದ್ದು ಕೇಳಿತು, ಆಮೇಲೆ ಅದೂ ದೂರವಾಯಿತು.

"ಎಡಗೈಲೇ ಹಿಡಿತೀನಿ ಅಂತ ಹೇಳು ಅವರಿಗೆ," ಎಂದಳು ಕೊನೆಗೆ. "ಉಸುಕಿನಾಗ ಬಿದ್ದದ್ದು ಅಷ್ಟ ಮರ್ತಬಿಡ್ರಿ ಅನ್ನು."